ದಿಲ್ಲಿಯಿಂದ ಬಂದ ಮೇಲಿನ ಪಾಪು

ಪತ್ರಕರ್ತ ಸಂಸತ್ತಿಗೆ ಹೋದ ಅಂದರೆ ಪೆನ್ನು ಮಾರಿಕೊಂಡ ಅಂತಲೇ ಮಾತಾಡುವವರು ನಮ್ಮ ಶಿವಮೊಗ್ಗದಲ್ಲೂ ಬೇಕಾದಷ್ಟಿದ್ದಾರೆ. ನಾನಿದನ್ನು ಒಪ್ಪುವುದಿಲ್ಲ. ‘ಪಾಪು’ ಅಂತಲೇ ಕರೆಸಿಕೊಂಡ ಪತ್ರಕರ್ತ ಪಾಟೀಲ ಪುಟ್ಟಪ್ಪನವರ ಬದುಕು ಕಣ್ಣೆದುರಿಗಿರುವಾಗ ಹೇಗೆ ಒಪ್ಪಲಿ?

ಪಾಪು ನಮ್ಮ ಪಕ್ಕದ ಹಾವೇರಿ ಸೀಮೆಯ ಕುರುಬಗೊಂಡದವರು. ಕಾನೂನು ಓದಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪತ್ರಿಕೋದ್ಯಮ ಕಲಿತು ಬಂದು, ಹುಬ್ಬಳ್ಳಿಯಲ್ಲಿ ‘ಪ್ರಪಂಚ’ ವಾರಪತ್ರಿಕೆ ಕಟ್ಟಿದರು. 1962ರಿಂದ 1974ರವರೆಗೆ ರಾಜ್ಯಸಭೆಯಲ್ಲಿದ್ದರು. ನಮ್ಮ ಶಿವಮೊಗ್ಗದಿಂದ 1967ರಲ್ಲಿ ಗೆದ್ದುಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದ್ದೂ ಅದೇ ಕಾಲದಲ್ಲಿ.

ನನಗೆ ದೊಡ್ಡದಾಗಿ ಕಾಣುವುದು ಪಾಪು ದಿಲ್ಲಿಯಿಂದ ವಾಪಸು ಬಂದ ಮೇಲಿನ ಬದುಕು. ಮಾಜಿ ಸಂಸದ ಅಂತ ಹಾರ ಹಾಕಿಸಿಕೊಂಡು ಕೂರಲಿಲ್ಲ. ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದರು. ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾಗಿ, ಸರ್ಕಾರಿ ಕಚೇರಿಗಳಲ್ಲಿ ಕನ್ನಡ ನಡೆಯುತ್ತಿದೆಯೇ ಅಂತ ಕೇಳುವ ಕೆಲಸ ಹೊತ್ತರು. ಯಾವ ಕುರ್ಚಿಯಲ್ಲಿ ಕೂತರೂ ಕೇಳುವುದನ್ನು ಬಿಡಲಿಲ್ಲ. 2020ರಲ್ಲಿ ತೀರಿಕೊಳ್ಳುವ ತನಕವೂ ಆ ದನಿ ಏರಿದ್ದೇ ಇತ್ತು.

ಸಂಸತ್ತಿಗೆ ಬೇಕಾದ್ದೂ ಅದೇ. ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು, ಪ್ರಶ್ನೆ ಸಾಮಾನ್ಯವಾಗಿ 150 ಪದ ದಾಟಬಾರದು. ಚುಕ್ಕೆ ಗುರುತಿನದಾದರೆ ಸಚಿವರು ಎದ್ದು ನಿಂತು ಬಾಯಲ್ಲೇ ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಬೇರೆ. ಇಷ್ಟು ಚಿಕ್ಕ ಜಾಗದಲ್ಲಿ ನುಣುಚಿಕೊಳ್ಳಲು ಆಗದ ಹಾಗೆ ಕೇಳುವುದು ವರದಿಗಾರನಿಗೆ ದಿನದ ಕೆಲಸ.

ನಮ್ಮಲ್ಲಿ ಕೇಳಬೇಕಾದ್ದು ಏನು ಕಮ್ಮಿಯಿದೆಯೇ? ಸಾಗರ ತಾಲ್ಲೂಕಿನ ಕರೂರು ಸೀಮೆಯ ಹಿರಿಯರೊಬ್ಬರು ಪ್ಲಾಸ್ಟಿಕ್ ಕವರಿನಿಂದ ಮಡಿಕೆಯಲ್ಲೇ ಹರಿದ ಕಾಗದ ತೆಗೆದು ನನ್ನ ಮುಂದೆ ಹರಡಿದ್ದರು. “ನಮ್ಮಪ್ಪಯ್ಯಂಗೆ ಮುಳುಗಡೇಲಿ ಕೊಟ್ಟ ಜಾಗ ಮಾರಾಯ್ರೇ, ಪಹಣೀಲಿ ಇನ್ನೂ ಅರಣ್ಯ ಅಂತ್ಲೇ ಬರ್ತದೆ” ಅಂದರು. ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಶರಾವತಿಯಲ್ಲಿ ಮನೆ, ತೋಟ ಮುಳುಗಿದವರನ್ನು ಅರಣ್ಯಭೂಮಿಗೆ ಕಳಿಸಿದರು, ದಾಖಲೆ ಮಾತ್ರ ಬದಲಾಗಲಿಲ್ಲ. 1980ರ ಅರಣ್ಯ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ರಾಜ್ಯ ಒಂದು ಗುಂಟೆಯನ್ನೂ ಬಿಡುವಂತಿಲ್ಲ. ನಾಡಿಗೆಲ್ಲ ದೀಪ ಹಚ್ಚಲು ಊರು ಬಿಟ್ಟವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ ಅನ್ನುವುದು ನನ್ನ ಹೊಟ್ಟೆ ಉರಿಸುತ್ತದೆ.

ಬೀಗ ಇರುವುದು ದಿಲ್ಲಿಯಲ್ಲಿ. ಹಾಗಾಗಿ ಮಲೆನಾಡಿನ ಪತ್ರಕರ್ತರು ಯಾರಾದರೂ ಚುನಾವಣೆಗೆ ನಿಲ್ಲುತ್ತೇನೆ ಅಂದರೆ ನಾನು ತಡೆಯುವುದಿಲ್ಲ, ಪಕ್ಷ ಯಾವುದು ಅಂತಲೂ ಮೊದಲು ಕೇಳುವುದಿಲ್ಲ. ಗೆದ್ದ ಮೊದಲ ಅಧಿವೇಶನದಲ್ಲೇ ಆ ಪಹಣಿಯ ಬಗ್ಗೆ ಚುಕ್ಕೆ ಗುರುತಿನ ಪ್ರಶ್ನೆಗೆ ನೋಟಿಸ್ ಕೊಡುತ್ತೀರಾ ಅಂತ ಕೇಳುತ್ತೇನೆ.