ಊರಲ್ಲೇ ಬೆಳೆದವರಿಗೆ ತಂಡದಲ್ಲಿ ಜಾಗ: ನಿಯಮ ಬೇಕಾ, ಬೇಡವಾ?

ತಮ್ಮಲ್ಲೇ ಬೆಳೆದ ಇಷ್ಟು ಆಟಗಾರರು ತಂಡದಲ್ಲಿ ಇರಲೇಬೇಕು ಅಂತ ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳಿಗೆ ನಿಯಮ ಇದೆ. ನಮ್ಮ ಮಲೆನಾಡಿನ ಟೂರ್ನಿಗಳಲ್ಲೂ ಅದರ ಸಣ್ಣ ರೂಪ ಕಾಣುತ್ತದೆ. ಚಿಕ್ಕಮಗಳೂರಿನಲ್ಲಿ ಮಕ್ಕಳಿಗೆ ಆಟ ಕಲಿಸುವ ಮೇಷ್ಟ್ರೊಬ್ಬರು ನಿಯಮದ ಪರ ಬರೆದಿದ್ದಾರೆ. ಅದನ್ನು ಓದಿದ ಹಾಸನದ ಮಹಿಳೆಯೊಬ್ಬರು ವಿರೋಧ ಬರೆದಿದ್ದಾರೆ.

ಪರ: ಜಾಗ ಇದೆ ಅಂತ ಗೊತ್ತಾದರೆ ತಾನೇ ಹುಡುಗ ಬರುವುದು

ಕೆಲವು ವರ್ಷಗಳ ಹಿಂದೆ ನಮ್ಮ ಕಡೆ ಒಂದು ಟೂರ್ನಿ ನಡೆಯಿತು. ಏಳು ಜನರ ಆಟ, ಹೊನಲು ಬೆಳಕು, ದೊಡ್ಡ ಬಹುಮಾನ. ಅತಿಥಿ ಆಟಗಾರರು ಎಷ್ಟು ಜನ ಬೇಕಾದರೂ ಇರಬಹುದು ಅಂದಿದ್ದರು. ಫೈನಲ್‌ಗೆ ಬಂದ ಎರಡು ತಂಡಗಳ ಹೆಸರು ನಮ್ಮ ಊರುಗಳದ್ದೇ. ಆದರೆ ಮೈದಾನದಲ್ಲಿದ್ದ ಹದಿನಾಲ್ಕು ಜನರಲ್ಲಿ ನಮ್ಮ ಕಡೆಯವನು ಒಬ್ಬನೇ ಒಬ್ಬ. ಉಳಿದವರೆಲ್ಲ ಬೆಂಗಳೂರು, ಮಂಗಳೂರು, ಕೇರಳದಿಂದ ದುಡ್ಡು ಕೊಟ್ಟು ಕರೆಸಿದವರು. ನಾನು ಕಲಿಸುವ ಹುಡುಗರು ಅವತ್ತು ಬೆಳಗ್ಗೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದರು. ಸಂಜೆ ಗೋಲ್‌ಪೋಸ್ಟ್ ಹಿಂದೆ ನಿಂತು ಚೆಂಡು ಹೆಕ್ಕಿ ಕೊಟ್ಟರು.

ಆಟ ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಮುಂದಿನ ವಾರ ಅಭ್ಯಾಸಕ್ಕೆ ಬರುವ 22 ಮಕ್ಕಳಲ್ಲಿ 13 ಮಂದಿ ಮಾತ್ರ ಬಂದರು. ಒಬ್ಬ ಹುಡುಗನ ಅಪ್ಪ ನೇರವಾಗಿ ಕೇಳಿದರು: "ಸರ್, ಇವನು ಎಷ್ಟು ಕಲಿತರೂ ಆಡಿಸೋದು ಹೊರಗಿನವರನ್ನೇ ಅಲ್ವಾ? ಸುಮ್ನೆ ಯಾಕೆ ಬರಬೇಕು?" ನನಗೆ ಉತ್ತರ ಹೊಳೆಯಲಿಲ್ಲ.

ಎರಡು ವರ್ಷ ಬಿಟ್ಟು ಅದೇ ಟೂರ್ನಿಯ ನಿಯಮ ಬದಲಾಯಿತು. ಏಳರಲ್ಲಿ ಐದು ಜನ ತಾಲ್ಲೂಕಿನವರೇ ಇರಬೇಕು ಅಂದರು. ಟೂರ್ನಿ ಇದ್ದದ್ದು ಜನವರಿಯಲ್ಲಿ. ನವೆಂಬರ್‌ನಲ್ಲೇ ತಂಡಗಳವರು ನನ್ನನ್ನು ಹುಡುಕಿಕೊಂಡು ಬಂದರು. "ಎಡಗಾಲಲ್ಲಿ ಆಡುವವನು ಯಾರಾದರೂ ಇದ್ದಾನಾ ಸರ್?" ಅಂತ ಒಬ್ಬರು ಕೇಳಿದರು. ಇಷ್ಟು ವರ್ಷ ಕಲಿಸಿದ್ದೇನೆ, ಆ ಪ್ರಶ್ನೆ ಅದಕ್ಕಿಂತ ಮೊದಲು ನನ್ನ ಕಿವಿಗೆ ಬಿದ್ದಿರಲಿಲ್ಲ.

ಯುರೋಪಿನಲ್ಲಿ ಆಗಿದ್ದೂ ಇದೇ, ಅಲ್ಲಿ ದುಡ್ಡು ಜಾಸ್ತಿ ಅಷ್ಟೇ. 1999ರ ಡಿಸೆಂಬರ್ 26ರಂದು ಸೌತಾಂಪ್ಟನ್ ವಿರುದ್ಧ ಇಂಗ್ಲೆಂಡಿನ ಕ್ಲಬ್ ಚೆಲ್ಸಿ ಇಳಿಸಿದ ಹನ್ನೊಂದು ಜನರಲ್ಲಿ ಬ್ರಿಟಿಷ್ ಆಟಗಾರ ಒಬ್ಬನೂ ಇರಲಿಲ್ಲ. 2005ರ ಫೆಬ್ರುವರಿಯಲ್ಲಿ ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ಅಲ್ಲಿನದೇ ಆರ್ಸೆನಲ್ ಹೆಸರಿಸಿದ 16 ಜನರಲ್ಲಿ ಇಂಗ್ಲೆಂಡಿನವನು ಒಬ್ಬನೂ ಇರಲಿಲ್ಲ. ಬೆಳೆಸುವುದಕ್ಕೆ ಹತ್ತು ವರ್ಷ ಬೇಕು, ಕೊಳ್ಳುವುದಕ್ಕೆ ಒಂದು ವಾರ ಸಾಕು. ಕೈಯಲ್ಲಿ ದುಡ್ಡಿದ್ದವರು ಯಾವುದನ್ನು ಆರಿಸಿಕೊಳ್ಳುತ್ತಾರೆ ಹೇಳಿ.

ಅದಕ್ಕೇ ಯುರೋಪಿನ ಫುಟ್‌ಬಾಲ್ ನಡೆಸುವ ಸಂಸ್ಥೆ ಯುಇಎಫ್‌ಎ 2006ರಲ್ಲಿ ನಿಯಮ ತಂದಿತು, ಹಂತ ಹಂತವಾಗಿ ಬಿಗಿ ಮಾಡಿತು. ಅದು ನಡೆಸುವ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಆಡುವ ಕ್ಲಬ್‌ನ 25 ಜನರ ಪಟ್ಟಿಯಲ್ಲಿ 8 ಜನ ಸ್ಥಳೀಯವಾಗಿ ಬೆಳೆದವರು ಇರಬೇಕು. ಅವರಲ್ಲಿ ಕನಿಷ್ಠ 4 ಜನ ಅದೇ ಕ್ಲಬ್‌ನಲ್ಲಿ ಕಲಿತಿರಬೇಕು. ಆರು ಜನ ಮಾತ್ರ ಸಿಕ್ಕರೆ ಎರಡು ಜಾಗ ಖಾಲಿ ಬಿಟ್ಟು 23 ಜನರಲ್ಲೇ ಸುಧಾರಿಸಬೇಕು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2010ರಿಂದ ತನ್ನದೇ ನಿಯಮ ಮಾಡಿಕೊಂಡಿದೆ. ಅಲ್ಲಿ 25ರಲ್ಲಿ ಹೊರಗೆ ಬೆಳೆದವರು 17ಕ್ಕಿಂತ ಹೆಚ್ಚು ಇರುವಂತಿಲ್ಲ.

ಇಲ್ಲಿ ಒಂದು ವಿಷಯ ತುಂಬಾ ಜನ ತಪ್ಪಾಗಿ ತಿಳಿದಿದ್ದಾರೆ. ಈ ನಿಯಮ ಪಾಸ್‌ಪೋರ್ಟ್ ಕೇಳುವುದಿಲ್ಲ. ಎಲ್ಲಿ ಹುಟ್ಟಿದೆ, ಅಪ್ಪ ಯಾರು, ಯಾವ ಭಾಷೆ ಅಂತ ಕೇಳುವುದಿಲ್ಲ. ಯುಇಎಫ್‌ಎ ಕೇಳುವುದು ಒಂದೇ ಪ್ರಶ್ನೆ: 15ರಿಂದ 21 ವರ್ಷದೊಳಗೆ ಮೂರು ಸೀಸನ್ ಅಥವಾ 36 ತಿಂಗಳು ನೀನು ಎಲ್ಲಿ ಕಲಿತೆ? ಬೆವರು ಎಲ್ಲಿ ಬಿತ್ತೋ ಅದೇ ನಿನ್ನ ಊರು. ನನಗೆ ಈ ನಿಯಮದಲ್ಲಿ ಬಹಳ ಇಷ್ಟವಾದದ್ದು ಇದು.

ಸ್ಪೇನಿನ ಅಥ್ಲೆಟಿಕ್ ಬಿಲ್ಬಾವೊ ನೋಡಿ. ಬಾಸ್ಕ್ ಪ್ರದೇಶದಲ್ಲಿ ಹುಟ್ಟಿದವರು ಅಥವಾ ಅಲ್ಲಿ ಆಟ ಕಲಿತವರು ಮಾತ್ರ ಆ ಕ್ಲಬ್‌ನಲ್ಲಿ ಆಡುತ್ತಾರೆ. ಇಷ್ಟು ಕಟ್ಟುಪಾಡು ಇಟ್ಟುಕೊಂಡೂ ಅಲ್ಲಿನ ಮೊದಲ ದರ್ಜೆಯ ಲೀಗ್ ಲಾ ಲಿಗಾದಿಂದ ಒಮ್ಮೆಯೂ ಕೆಳಗೆ ಇಳಿದಿಲ್ಲ. 2024ರ ಏಪ್ರಿಲ್‌ನಲ್ಲಿ 40 ವರ್ಷಗಳ ನಂತರ ಸ್ಪೇನಿನ ಕಪ್ ಟೂರ್ನಿ ಕೋಪಾ ಡೆಲ್ ರೇ ಗೆದ್ದಿತು. ಆ ತಂಡದ ಇನ್ಯಾಕಿ ವಿಲಿಯಮ್ಸ್, ನಿಕೊ ವಿಲಿಯಮ್ಸ್ ಅಣ್ಣತಮ್ಮಂದಿರ ಅಪ್ಪ ಅಮ್ಮ ಘಾನಾದಿಂದ ಸಹಾರಾ ಮರುಭೂಮಿ ದಾಟಿ ಬಂದವರು. ಆ ಹುಡುಗರು ಬಾಸ್ಕ್ ಹುಡುಗರಲ್ಲ ಅಂತ ಬಿಲ್ಬಾವೊದಲ್ಲಿ ಹೇಳಿ ನೋಡಿ!

ನಮ್ಮ ದೇಶದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಟೂರ್ನಿಯಲ್ಲೂ 2021-22ರಿಂದ ಮೈದಾನದಲ್ಲಿ ಐದರ ಬದಲು ನಾಲ್ಕೇ ವಿದೇಶಿ ಆಟಗಾರರು. ಪ್ರತಿ ತಂಡದಲ್ಲಿ ಒಬ್ಬ ಭಾರತೀಯ ಹುಡುಗನಿಗೆ ಹೊಸದಾಗಿ ಜಾಗ ಸಿಕ್ಕಿತು. ಆ ಒಂದು ಜಾಗ ಬೆಂಗಳೂರಿನಲ್ಲಿ ಖಾಲಿಯಾದರೆ ಅದರ ಸುದ್ದಿ ಬಾಳೆಹೊನ್ನೂರಿನ ಶಾಲೆಯ ಮೈದಾನಕ್ಕೂ ಮುಟ್ಟುತ್ತದೆ. ಮಳೆಗಾಲದಲ್ಲಿ ಮೂರು ತಿಂಗಳು ಕೆಸರಿನಲ್ಲೇ ಚೆಂಡು ಒದೆಯುವ ಮಕ್ಕಳಿಗೆ ನಾನು ತೋರಿಸಬೇಕಾದದ್ದು ಅದೊಂದೇ: ನೋಡು, ಆ ಜಾಗ ನಿನಗೆ ಅಂತಲೇ ಇಟ್ಟಿದ್ದಾರೆ.

ವಿರೋಧ: ಬಾಗಿಲು ಕಾಯುವವರು ಕೇಳುವುದು ಆಧಾರ್ ಕಾರ್ಡ್

ಮೇಷ್ಟ್ರು ಬರೆದದ್ದರಲ್ಲಿ ಒಂದು ಮಾತು ನನ್ನನ್ನು ತಟ್ಟಿತು. ಬೆವರು ಎಲ್ಲಿ ಬಿತ್ತೋ ಅದೇ ನಿನ್ನ ಊರು ಅಂದರು. ಹಾಗೆ ಆಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ, ಸರ್.

ನನ್ನ ತಮ್ಮ ಹಾಸನದಲ್ಲಿ ಆಟ ಕಲಿತ. 17ನೇ ವಯಸ್ಸಿಗೆ ಡಿಪ್ಲೊಮಾ ಓದಲು ಮಂಗಳೂರಿಗೆ ಹೋದ. ಅಲ್ಲಿ ಒಂದು ತಂಡದ ಜೊತೆ ಎರಡು ವರ್ಷ ಅಭ್ಯಾಸ ಮಾಡಿದ. ಟೂರ್ನಿ ಬಂದಾಗ "ನಿನ್ನ ವಿಳಾಸ ಹಾಸನದ್ದು, ಅತಿಥಿ ಕೋಟಾ ತುಂಬಿದೆ" ಅಂದರು. ರಜೆಗೆ ಊರಿಗೆ ಬಂದು ಇಲ್ಲಿನ ತಂಡವನ್ನು ಕೇಳಿದ. "ನೀನೀಗ ಮಂಗಳೂರಿನ ತಂಡದವನು, ಹೊರಗಿನವರ ಲೆಕ್ಕಕ್ಕೆ ಬರುತ್ತೀಯ" ಅಂದರು. ಎರಡು ಊರಿನಲ್ಲಿ ಬೆವರು ಸುರಿಸಿದ, ಎರಡರಲ್ಲೂ ಹೊರಗಿನವನಾದ. ಆಡುವುದು ಬಿಟ್ಟು ಈಗ ನಾಲ್ಕು ವರ್ಷ.

ಇನ್ನೊಬ್ಬ ಹುಡುಗನ ವಿಷಯ ಹೇಳುತ್ತೇನೆ. ಸಕಲೇಶಪುರದ ಕಡೆ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ಬೆಳೆದವನು. ಅಪ್ಪ ಅಮ್ಮ ಅಸ್ಸಾಮಿನಿಂದ ಕೆಲಸಕ್ಕೆ ಬಂದವರು. ಅವನು ಓದಿದ್ದು ಇಲ್ಲಿನ ಸರ್ಕಾರಿ ಶಾಲೆಯಲ್ಲಿ, ಚೆಂಡು ಒದೆಯಲು ಕಲಿತದ್ದು ಇಲ್ಲಿನ ಕಣದಲ್ಲಿ. ಕಾಫಿ ಒಣಗಿಸುವ ಕಣ ಖಾಲಿ ಇದ್ದಾಗ ಅದೇ ಅವರ ಮೈದಾನ. ಟೂರ್ನಿಯ ದಿನ ಬೆಳಗ್ಗೆ ಆರಕ್ಕೇ ಬಂದು ಶೂ ಕಟ್ಟಿ ಕೂತಿದ್ದ. ಹೆಸರು ಬರೆಸುವ ಟೇಬಲ್ ಹತ್ತಿರ ಆಧಾರ್ ಕೇಳಿದರು. ಅದರಲ್ಲಿ ಅಸ್ಸಾಮಿನ ವಿಳಾಸ ಇತ್ತು. ಮುಗಿಯಿತು. ಮಧ್ಯಾಹ್ನದವರೆಗೂ ಅವನು ಅಲ್ಲೇ ಕೂತಿದ್ದ, ಯಾರಾದರೂ ಮನಸ್ಸು ಬದಲಾಯಿಸಬಹುದು ಅಂತ. ನಾನು ಕಣ್ಣಾರೆ ನೋಡಿದ್ದೇನೆ. ಮೇಷ್ಟ್ರು ಹೇಳಿದ ವಿಲಿಯಮ್ಸ್ ಅಣ್ಣತಮ್ಮಂದಿರು ಆ ಟೇಬಲ್ ಮುಂದೆ ನಿಂತಿದ್ದರೆ ಅವರನ್ನೂ ವಾಪಸ್ ಕಳಿಸುತ್ತಿದ್ದರು.

ಕಾಗದದಲ್ಲಿ 36 ತಿಂಗಳು ಅಂತ ಬರೆಯಬಹುದು. ಯಾರು ಎಲ್ಲಿ ಎಷ್ಟು ತಿಂಗಳು ಕಲಿತರು ಅಂತ ಬರೆದಿಡುವ ವ್ಯವಸ್ಥೆ ಯುರೋಪಿನಲ್ಲಿದೆ. ನಮ್ಮಲ್ಲಿ ಅದು ಇಲ್ಲದ ಕಡೆ ಈ ನಿಯಮ ಹುಟ್ಟಿದ ಊರಿನ ನಿಯಮವೇ ಆಗಿಬಿಡುತ್ತದೆ.

ವ್ಯವಸ್ಥೆ ಇರುವ ಕಡೆಯಾದರೂ ಸರಿಯಾಗಿ ನಡೆಯುತ್ತಿದೆಯಾ? ಮ್ಯಾಂಚೆಸ್ಟರ್ ಸಿಟಿಯಲ್ಲಿ ಸ್ಕಾಟ್ ಕಾರ್ಸನ್ ಅನ್ನುವ ಗೋಲ್‌ಕೀಪರ್ ಇದ್ದರು. ಇಂಗ್ಲೆಂಡಿನಲ್ಲಿ ಬೆಳೆದವರು. 2019ರಿಂದ 2025ರವರೆಗೆ ಆ ಕ್ಲಬ್‌ನಲ್ಲಿದ್ದು ಅವರು ಆಡಿದ್ದು ಎರಡೇ ಪಂದ್ಯ. ಪಟ್ಟಿಯಲ್ಲಿ ಹೆಸರಿದ್ದರೆ ನಿಯಮಕ್ಕೆ ಸಾಕು, ಆಡಿಸಿ ಅಂತ ಅದು ಹೇಳುವುದಿಲ್ಲ. ಸೆಸ್ಕ್ ಫಾಬ್ರೆಗಾಸ್ ಸ್ಪೇನಿನ ಬಾರ್ಸಿಲೋನಾದ ಅಕಾಡೆಮಿಯಲ್ಲಿ ಬೆಳೆದ ಹುಡುಗ. 2003ರಲ್ಲಿ, 16ರ ವಯಸ್ಸಿಗೆ ಆರ್ಸೆನಲ್ ಕರೆದುಕೊಂಡು ಹೋಯಿತು. 2014ರಲ್ಲಿ ಚೆಲ್ಸಿಗೆ ಬಂದಾಗ ಇಂಗ್ಲೆಂಡಿನಲ್ಲಿ ಬೆಳೆದವರ ಲೆಕ್ಕಕ್ಕೆ ಸೇರಿದ್ದ. ಇದರಲ್ಲಿ ಅವನ ತಪ್ಪೇನಿಲ್ಲ. ಆದರೆ ದೊಡ್ಡ ಕ್ಲಬ್‌ಗಳು ಏನು ಕಲಿತವು? ಮಕ್ಕಳನ್ನು ಇನ್ನೂ ಬೇಗ ಎತ್ತಿಕೊಂಡು ಬನ್ನಿ, 21 ತುಂಬುವ ಮೊದಲು ಮೂರು ವರ್ಷ ಆದರೆ ಆಯಿತು ಅಂತ. ಸಣ್ಣ ಊರಿನ ಕ್ಲಬ್ ಉಳಿಸಲು ತಂದ ನಿಯಮ ಸಣ್ಣ ಊರಿನ ಮಗುವನ್ನೇ ಬೇಗ ಹೊರಡಿಸುತ್ತದೆ.

ಮೇಷ್ಟ್ರು ಐಎಸ್‌ಎಲ್ ಮಾತು ಎತ್ತಿದರು. ವಿದೇಶಿಯರು ನಾಲ್ಕಕ್ಕೆ ಇಳಿದರು, ನಿಜ. ಆದರೆ ಕ್ಲಬ್‌ಗಳು ಆ ನಾಲ್ವರಲ್ಲಿ ಗೋಲು ಹೊಡೆಯುವವರನ್ನು ಬಿಟ್ಟುಕೊಡಲಿಲ್ಲ. ಭಾರತೀಯ ಹುಡುಗರಿಗೆ ಸಿಕ್ಕಿದ್ದು ಹೆಚ್ಚಾಗಿ ಹಿಂದಿನ ಜಾಗ, ಪಕ್ಕದ ಜಾಗ. ಭಾರತಕ್ಕೆ ಗೋಲು ಹೊಡೆಯುವ ಸ್ಟ್ರೈಕರ್ ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ಕುವೈತ್ ವಿರುದ್ಧ ಆಡಿ ದೇಶದ ತಂಡಕ್ಕೆ ವಿದಾಯ ಹೇಳಿದರು. 2025ರ ಮಾರ್ಚ್‌ನಲ್ಲಿ, 40ನೇ ವಯಸ್ಸಿನಲ್ಲಿ, ಮತ್ತೆ ಕರೆಸಬೇಕಾಯಿತು. ತಲೆ ಎಣಿಸುವ ನಿಯಮದಿಂದ ಸ್ಟ್ರೈಕರ್ ಹುಟ್ಟಲಿಲ್ಲ.

ಇನ್ನು ಕಾನೂನಿನ ಮಾತು. ಕೆಲಸಗಾರನಿಗೆ ಇರುವ ಓಡಾಟದ ಹಕ್ಕು ಫುಟ್‌ಬಾಲ್ ಆಡುವವನಿಗೂ ಇದೆ ಅಂತ ಯುರೋಪಿನ ನ್ಯಾಯಾಲಯ 1995ರಲ್ಲಿ ಬೋಸ್‌ಮನ್ ಅನ್ನುವ ಆಟಗಾರನ ಪ್ರಕರಣದ ತೀರ್ಪಿನಲ್ಲೇ ಹೇಳಿತ್ತು. 2023ರ ಡಿಸೆಂಬರ್ 21ರಂದು ಬೆಲ್ಜಿಯಂನ ರಾಯಲ್ ಆಂಟ್ವರ್ಪ್ ಕ್ಲಬ್‌ನ ಪ್ರಕರಣದಲ್ಲಿ ಈ ಊರಲ್ಲೇ ಬೆಳೆದವರ ನಿಯಮವನ್ನೇ ಕೈಗೆತ್ತಿಕೊಂಡಿತು. ಇದು ಸ್ಪರ್ಧೆಗೂ ಆಟಗಾರರ ಓಡಾಟಕ್ಕೂ ಅಡ್ಡಿ ಆಗಬಹುದು, ಮಕ್ಕಳಿಗೆ ತರಬೇತಿ ಕೊಡಲು ಇದು ನಿಜವಾಗಿ ಬೇಕೇ ಬೇಕು ಅಂತ ತೋರಿಸಿ ಅಂದಿತು. ನಾನು ಕೇಳುವುದೂ ಅಷ್ಟೇ: ತೋರಿಸಿ.

ಮೇಷ್ಟ್ರ 22 ಮಕ್ಕಳು 13ಕ್ಕೆ ಇಳಿದ ನೋವು ನನಗೆ ಅರ್ಥವಾಗುತ್ತದೆ. ಅದಕ್ಕೆ ಬೇರೆ ದಾರಿ ಇದೆ. ಒಂದು ದೇಶದ ಕ್ಲಬ್‌ನಿಂದ ಇನ್ನೊಂದು ದೇಶದ ಕ್ಲಬ್‌ಗೆ ಆಟಗಾರ ದುಡ್ಡಿಗೆ ಹೋದಾಗ, ಆ ದುಡ್ಡಿನ 5 ಶೇಕಡಾ ಭಾಗವನ್ನು ಅವನನ್ನು 12ರಿಂದ 23 ವರ್ಷದವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು ಅಂತ ಫಿಫಾ ನಿಯಮ ಇದೆ. ಇದು ಆಟಗಾರನನ್ನು ತಡೆಯುವುದಿಲ್ಲ, ಕಲಿಸಿದವರಿಗೆ ಪಾಲು ಕೊಡುತ್ತದೆ. ನಮ್ಮ ಟೂರ್ನಿಗಳಲ್ಲಿ ಅತಿಥಿ ಆಟಗಾರರನ್ನು ತರುವ ತಂಡ ಒಬ್ಬೊಬ್ಬರಿಗೆ ಇಷ್ಟು ಅಂತ ಕಟ್ಟಲಿ. ಆ ದುಡ್ಡು ನೇರವಾಗಿ ಮಕ್ಕಳಿಗೆ ಕಲಿಸುವವರ ಕೈಗೆ ಹೋಗಲಿ, ಚೆಂಡಿಗೆ, ಶೂಗೆ, ಬಸ್ ಚಾರ್ಜಿಗೆ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ನನ್ನ ತಮ್ಮ ಮೊಬೈಲ್ ಹಿಡಿದು ಕುಣಿದ. ನಮಗೆ ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕಿ ಓರಾಂ, ರಾಬಿನ್ ಯಾದವ್. ಅವರ ಆಧಾರ್‌ನಲ್ಲಿ ಯಾವ ವಿಳಾಸ ಇದೆ ಅಂತ ಅವತ್ತು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.