ಕಲ್ಲಿಗೆ ಕೆತ್ತಿದ ಸ್ಪೆಲ್ಲಿಂಗ್ ಮಿಸ್ಟೇಕು

ಹಾಸನದ ಕಾಲೇಜೊಂದರ ಸೆಮಿನಾರ್ ಹಾಲು. ನಲವತ್ತು ಲ್ಯಾಪ್‌ಟಾಪಿಗೆ ಆರು ಪ್ಲಗ್ ಪಾಯಿಂಟು. ಹಗಲುರಾತ್ರಿ ಕೂತು ಕೋಡು ಬರೆಯುವ ಸ್ಪರ್ಧೆ, ಅಂದರೆ ಹ್ಯಾಕಥಾನಿನ ವಿಷಯ 'ಶಿಕ್ಷಣದಲ್ಲಿ ಬ್ಲಾಕ್‌ಚೈನ್' ಎಂದು ಬೋರ್ಡಿನ ಮೇಲೆ ಬೀಳುತ್ತಿದ್ದಂತೆ ಹೆಚ್ಚಿನ ತಂಡಗಳಿಗೆ ಹೊಳೆಯುವುದು ಒಂದೇ ಐಡಿಯಾ: ನಕಲಿ ಮಾರ್ಕ್ಸ್ ಕಾರ್ಡ್ ಪತ್ತೆ. ಬ್ಲಾಕ್‌ಚೈನ್ ಅಂದರೆ ಹಲವು ಕಂಪ್ಯೂಟರುಗಳು ಹಂಚಿಕೊಂಡ, ಒಮ್ಮೆ ಬರೆದರೆ ಅಳಿಸಲಾಗದ ಲೆಕ್ಕದ ಪುಸ್ತಕ. ಐಡಿಯಾ ಹೊಸದೇನಲ್ಲ. ಸೈಪ್ರಸ್ಸಿನ ನಿಕೋಸಿಯಾ ವಿಶ್ವವಿದ್ಯಾಲಯ 2014ರಲ್ಲೇ ಬಿಟ್‌ಕಾಯಿನ್ ಚೈನಿನಲ್ಲಿ ಸರ್ಟಿಫಿಕೇಟು ದಾಖಲಿಸಿತ್ತು, ಅಮೆರಿಕದ ಎಂಐಟಿ 2017ರಲ್ಲಿ. ದಾರಿ ಹಳೆಯದು, ಗುಂಡಿಗಳೂ ಹಳೆಯವೇ. ಆದರೂ ಪ್ರತಿ ತಂಡವೂ ಬಿದ್ದೇ ಆಳ ನೋಡುತ್ತದೆ.

ಮೊದಲ ಗುಂಡಿ ಪಿಡಿಎಫ್. 'ಮಾರ್ಕ್ಸ್ ಕಾರ್ಡನ್ನೇ ಚೈನಿಗೆ ಹಾಕಿಬಿಡೋಣ' ಅನ್ನುವ ಉತ್ಸಾಹಿ ಪ್ರತಿ ತಂಡದಲ್ಲೂ ಒಬ್ಬನಿರುತ್ತಾನೆ. ಎಥೀರಿಯಂ ಎಂಬ ಬ್ಲಾಕ್‌ಚೈನಿನಲ್ಲಿ 32 ಬೈಟಿನ ಒಂದು ಹೊಸ ಖಾನೆ ತುಂಬಲು ಸುಮಾರು 20,000 ಗ್ಯಾಸ್ (ಕೆಲಸಕ್ಕೆ ತಕ್ಕಂತೆ ತೆರುವ ಶುಲ್ಕದ ಅಳತೆ) ಬೇಕು. 200 ಕೆಬಿ ಪಿಡಿಎಫ್ ಅಂದರೆ 6,400 ಖಾನೆ. ಗುಣಿಸಿದರೆ 12 ಕೋಟಿ 80 ಲಕ್ಷ ಗ್ಯಾಸ್. ಒಂದಿಡೀ ಬ್ಲಾಕಿಗೂ, ಅಂದರೆ ಚೈನಿಗೆ ಒಮ್ಮೆಗೆ ಸೇರುವ ವಹಿವಾಟುಗಳ ಕಟ್ಟಿಗೂ, ಇದು ಹಿಡಿಸದು. ಎಪಿಎಂಸಿಗೆ ಬಂದ ಲೋಡು ಆಲೂಗಡ್ಡೆಯನ್ನು ಸ್ಕೂಟಿ ಡಿಕ್ಕಿಗೆ ತುಂಬಿದ ಹಾಗೆ. ಚೈನಿಗೆ ಹೋಗಬೇಕಾದ್ದು ಫೈಲಲ್ಲ, ಅದರ 32 ಬೈಟಿನ ಹ್ಯಾಶ್, ಅಂದರೆ ಬೆರಳಚ್ಚಿನಂಥ ಗುರುತು ಮಾತ್ರ. ತರಗತಿಯಲ್ಲಿ 120 ಜನ ಇದ್ದರೆ 120 ವಹಿವಾಟೂ ಬೇಡ. ಎಲ್ಲರ ಹ್ಯಾಶನ್ನೂ ಜೋಡಿಜೋಡಿಯಾಗಿ ಸೇರಿಸುತ್ತ ಒಂದಕ್ಕಿಳಿಸುವ ಮರ್ಕಲ್ ಮರಕ್ಕೆ ಕಟ್ಟಿ, ಅದರ ಬೇರಿನ ಹ್ಯಾಶ್ ಒಂದನ್ನೇ ಚೈನಿಗೆ ಬರೆದರಾಯಿತು. ವಿದ್ಯಾರ್ಥಿಯ ಕೈಗೆ ಕೊಡಬೇಕಾದ ಪುರಾವೆ ಏಳೇ ಹ್ಯಾಶ್.

ಇಷ್ಟಕ್ಕೆ ರಾತ್ರಿ ಹನ್ನೊಂದಾಗಿ, ಚಿತ್ರಾನ್ನ ಬಂದು ಖಾಲಿಯಾಗಿರುತ್ತದೆ. ಆಗ ಪರೀಕ್ಷೆಗೆಂದು ಅಸಲಿ ಕಾರ್ಡನ್ನೇ ಅಪ್‌ಲೋಡ್ ಮಾಡುತ್ತಾರೆ. ಪರದೆಯ ಮೇಲೆ ಕೆಂಪಕ್ಷರದಲ್ಲಿ 'ನಕಲಿ'.

"ಲೋ ಮಗಾ, ಯಾರೋ ಡೇಟಾ ಟ್ಯಾಂಪರ್ ಮಾಡವ್ರೆ ಕಣೋ!"

"ಟ್ಯಾಂಪರ್ರೂ ಇಲ್ಲ, ಎಂತದೂ ಇಲ್ಲ. ಇನ್ನೊಂದ್ ಸಲ ಡೌನ್‌ಲೋಡ್ ಬಟನ್ ಒತ್ತಿದ್ದು ನೀನೇ ಅಲ್ವೇನೋ?"

ಪಿಡಿಎಫ್ ತಯಾರಿಸುವ ಲೈಬ್ರರಿ ಪ್ರತಿ ಸಲವೂ ತಯಾರಾದ ಗಳಿಗೆಯನ್ನು ಫೈಲಿನೊಳಗೆ ಬರೆದಿಡುತ್ತದೆ. ಕಣ್ಣಿಗೆ ಎರಡೂ ಒಂದೇ. ಒಂದು ಸೆಕೆಂಡು ಬದಲಾದರೂ ಹ್ಯಾಶ್ ಪೂರ್ತಿ ಬೇರೆ. ಆದ್ದರಿಂದ ಫೈಲನ್ನು ಬಿಟ್ಟು ಒಳಗಿನ ಮಾಹಿತಿಯನ್ನು, ಅಂದರೆ ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ವಿದ್ಯಾರ್ಥಿ ಸಂಖ್ಯೆ), ಹೆಸರು, ವಿಷಯ, ಅಂಕ ಇವನ್ನು ಗೊತ್ತಾದ ಕ್ರಮದಲ್ಲಿ ಜೋಡಿಸಿ ಹ್ಯಾಶ್ ಮಾಡಬೇಕು. ಜೊತೆಗೊಂದು ಗುಟ್ಟಿನ ಸಾಲ್ಟ್, ಅಂದರೆ ಊಹಿಸಲಾಗದ ಅಕ್ಷರಗಳ ಸರ ಸೇರಿಸಬೇಕು. ಯುಎಸ್‌ಎನ್ ಯಾರು ಬೇಕಾದರೂ ಊಹಿಸಬಲ್ಲ ಸರಣಿ, ಅಂಕವೋ ಸೊನ್ನೆಯಿಂದ ನೂರರೊಳಗೆ. ಒಂದೊಂದಾಗಿ ಹಾಕಿ ನೋಡಿದರೆ ಪಕ್ಕದ ಬೆಂಚಿನವನ ಫೇಲಾದ ವಿಷಯವೂ ಬಯಲು. ಉಪ್ಪಿಗಿಂತ ರುಚಿಯಿಲ್ಲ ಅನ್ನುವುದು ಹ್ಯಾಶಿಗೂ ಸಲ್ಲುತ್ತದೆ.

ಅಸಲಿ ಕಂಟಕ ಹೆಸರಿನದು. ಒಂದೇ ಹುಡುಗ ಆಧಾರ್‌ನಲ್ಲಿ ಮಂಜುನಾಥ ಎಚ್.ಎಸ್., ಹತ್ತನೇ ತರಗತಿಯ ಕಾರ್ಡಿನಲ್ಲಿ ಎಚ್ ಎಸ್ ಮಂಜುನಾಥ್, ಕಾಲೇಜಿನ ಎಕ್ಸೆಲ್ಲಿನಲ್ಲಿ ಹೆಸರಿನ ಹಿಂದೊಂದು ಕಾಣದ ಸ್ಪೇಸು. ಮೂರಕ್ಕೂ ಮೂರು ಹ್ಯಾಶ್. ಇಂಗ್ಲಿಷಿನ ಪಾಡೇ ಇದು. ಕನ್ನಡಕ್ಕೆ ಬಂದರೆ ಇನ್ನೂ ಮಜಾ. 'ಗೋಪಾಲ'ದ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಗೊಂದು ದೀರ್ಘದ ಚಿಹ್ನೆ ಎಂದು ಮೂರು ತುಂಡಾಗಿಯೂ ಬರೆಯಬಹುದು. ನೋಡಲು ಎರಡೂ ಗೋಪಾಲನೇ. ಕಂಪ್ಯೂಟರಿಗೆ ಮಾತ್ರ ಒಬ್ಬ ಅಸಲಿ, ಇನ್ನೊಬ್ಬ ವಂಚಕ. ಹ್ಯಾಶ್ ಮಾಡುವ ಮುಂಚೆ ಎನ್‌ಎಫ್‌ಸಿ, ಅಂದರೆ ತುಂಡುಗಳನ್ನು ಕೂಡಿಸಿದ ಯುನಿಕೋಡ್ ರೂಪಕ್ಕೆ ತರಬೇಕು, ಹಿಂದುಮುಂದಿನ ಸ್ಪೇಸು ಕತ್ತರಿಸಬೇಕು. ಎರಡು ಸಾಲಿನ ಕೋಡು. ನೆನಪಾಗುವುದು ಬೆಳಗಿನ ಜಾವ ನಾಲ್ಕಕ್ಕೆ.

ಆಮೇಲೆ ನಲ್ಲಿ. ಟೆಸ್ಟ್‌ನೆಟ್ ಎಂಬ ಪ್ರಯೋಗದ ಚೈನಿನಲ್ಲಿ ಗ್ಯಾಸ್ ತೆರಲು ಪುಕ್ಕಟೆ ಈಥರ್ (ಎಥೀರಿಯಂನ ನಾಣ್ಯ) ಕೊಡುವ ತಾಣಕ್ಕೆ ಫಾಸೆಟ್ ಅಂತಲೇ ಹೆಸರು, ಸ್ವಭಾವವೂ ನಮ್ಮ ಬೀದಿ ನಲ್ಲಿಯದೇ: ದಿನಕ್ಕೊಮ್ಮೆ, ಅದೂ ಹನಿ. ಕಾಲೇಜಿನ ವೈಫೈಯಲ್ಲಿರುವ ಇಡೀ ಹಾಲು ಹೊರಗಿನವರಿಗೆ ಒಂದೇ ಐಪಿ ವಿಳಾಸವಾಗಿ ಕಾಣುವುದರಿಂದ, ಮೊದಲು ಬಿಂದಿಗೆ ಇಟ್ಟವರಿಗಷ್ಟೇ ನೀರು. ಕೆಲವು ಫಾಸೆಟ್‌ಗಳು ಖಾತೆಯಲ್ಲಿ ಅಸಲಿ ಈಥರ್ ಇದೆಯಾ ಅಂತಲೂ ಕೇಳುತ್ತವೆ. ಬರುವ ಮುಂಚಿನ ವಾರವೇ ನಾಲ್ಕೂ ಜನ ತಂತಮ್ಮ ಮನೆಯಿಂದ ಹಿಡಿದಿಟ್ಟುಕೊಳ್ಳುವುದು ಲೇಸು.

ಇಲ್ಲದಿದ್ದರೆ ಹಾರ್ಡ್‌ಹ್ಯಾಟ್ ಎಂಬ ತಂತ್ರಾಂಶ ಇದ್ದೇ ಇದೆ. ಲ್ಯಾಪ್‌ಟಾಪಿನಲ್ಲೇ ಚೈನು, ಇಪ್ಪತ್ತು ಖಾತೆ, ತಲಾ 10,000 ಈಥರ್; ಸಾಹುಕಾರಿಕೆಗೆ ಕೊರತೆಯಿಲ್ಲ. ಆದರೆ ಯಾರೋ ಫೋನ್ ಚಾರ್ಜಿಗೆಂದು ಎಕ್ಸ್‌ಟೆನ್ಷನ್ ಬೋರ್ಡಿನ ಪ್ಲಗ್ ಕೀಳುತ್ತಾರೆ, ಬ್ಯಾಟರಿ ಸತ್ತ ಲ್ಯಾಪ್‌ಟಾಪು ಮಲಗುತ್ತದೆ, ಚೈನು ಸೊನ್ನೆಯ ಬ್ಲಾಕಿನಿಂದ ಮತ್ತೆ ಹುಟ್ಟುತ್ತದೆ. ಮೆಟಾಮಾಸ್ಕ್ ಎಂಬ ಬ್ರೌಸರಿನ ಪರ್ಸು ಮಾತ್ರ ಹೋದ ಜನ್ಮದ ಲೆಕ್ಕ ಹಿಡಿದು 'ನಾನ್ಸ್ ಟೂ ಹೈ' (ವಹಿವಾಟಿನ ಕ್ರಮಸಂಖ್ಯೆ ಮುಂದೆ ಹೋಗಿದೆ) ಎಂದು ಜಗಳಕ್ಕೆ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಖಾತೆಯ ಆ್ಯಕ್ಟಿವಿಟಿ ಅಳಿಸಿದರೆ ಸರಿಹೋಗುತ್ತದೆ. ಸ್ಮಾರ್ಟ್ ಕಾಂಟ್ರ್ಯಾಕ್ಟನ್ನು, ಅಂದರೆ ಚೈನಿನ ಮೇಲೆ ಓಡುವ ಪ್ರೋಗ್ರಾಮನ್ನು ಹೊಸದಾಗಿ ಹತ್ತಿಸಿ, ವೆಬ್‌ಪುಟದಲ್ಲಿ ಹಳೇ ವಿಳಾಸವನ್ನೇ ಬಿಡುವುದಂತೂ ಹ್ಯಾಕಥಾನಿನ ಸಂಪ್ರದಾಯ.

ಕೊನೆಗೆ ತೀರ್ಪುಗಾರರ ಪ್ರಶ್ನೆ ಯಾವಾಗಲೂ ಇದೇ: "ಅಲ್ಲಪ್ಪಾ, ಆಫೀಸಿನವರೇ 35ನ್ನ 53 ಅಂತ ಹಾಕಿದ್ರೆ?" ಚೈನು ಆ 53ನ್ನು ಪರಮ ನಿಷ್ಠೆಯಿಂದ ಕಾಯುತ್ತದೆ, ಅಷ್ಟೇ. ಒಳಗೆ ಬರುವ ಸುಳ್ಳನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಅದಕ್ಕೇ ಕಾಂಟ್ರ್ಯಾಕ್ಟಿನಲ್ಲಿ ರದ್ದತಿಯ ಫಂಕ್ಷನ್ ಇರಬೇಕು: ಹಳೆಯದು ಅಳಿಯುವುದಿಲ್ಲ, 'ಇದು ಚಾಲ್ತಿಯಲ್ಲಿಲ್ಲ' ಎಂದು ಮೇಲೊಂದು ಸಾಲು ಬೀಳುತ್ತದೆ. ಹೆಸರು, ಅಂಕ ನೇರವಾಗಿ ಚೈನಿನಲ್ಲಿದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಳಿಸಿ ಎಂದು ಕೇಳಿದವರಿಗೆ ಉತ್ತರವೂ ಇರದು.

ಅಳಿಸಲಾಗದ ದಾಖಲೆಯ ವಿಷಯದಲ್ಲಿ ಹಾಸನ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ. ಹಲ್ಮಿಡಿ ಇರುವುದು ಇಲ್ಲೇ, ಬೇಲೂರು ತಾಲ್ಲೂಕಿನಲ್ಲಿ. ಹಳೇ ದಾನಶಾಸನಗಳ ಕೊನೆಯಲ್ಲಿ ಶಾಪದ ಶ್ಲೋಕವೊಂದು ಮತ್ತೆ ಮತ್ತೆ ಬರುತ್ತದೆ: ಕೊಟ್ಟ ಭೂಮಿಯನ್ನು ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನಂತೆ. ಸ್ಮಾರ್ಟ್ ಕಾಂಟ್ರ್ಯಾಕ್ಟಿಗೆ ಅಷ್ಟು ಕೋಪ ಬರುವುದಿಲ್ಲ. ಅದು 'ರಿವರ್ಟ್' (ವಹಿವಾಟು ರದ್ದು) ಅನ್ನುತ್ತದೆ, ಚೂರು ಗ್ಯಾಸ್ ನುಂಗುತ್ತದೆ. ಅದೂ ನಲ್ಲಿಯಿಂದ ಹಿಡಿದ ಪುಕ್ಕಟೆ ಗ್ಯಾಸು.