ಕಂಟೇನರ್ ತುಂಬುವ ನಿರ್ಧಾರ ಅಲ್ಗಾರಿದಮ್‌ಗೆ ಬಿಡಬಹುದೇ?

ಪರ: ಲೆಕ್ಕ ಕಂಪ್ಯೂಟರೇ ಮಾಡಲಿ

ಇಪ್ಪತ್ತು ಅಡಿ ಕಂಟೇನರ್ ಒಳಗೆ ಇರುವುದು ಸುಮಾರು 33 ಘನ ಮೀಟರ್ ಜಾಗ. ಒಂದೊಂದು ಪೆಟ್ಟಿಗೆಯನ್ನು ಆರು ಬಗೆಯಲ್ಲಿ ತಿರುಗಿಸಿ ಇಡಬಹುದು. ಹತ್ತೇ ಪೆಟ್ಟಿಗೆ ಇದ್ದರೂ ಈ ತಿರುವುಗಳ ಲೆಕ್ಕ ಆರು ಕೋಟಿ ದಾಟುತ್ತದೆ. ಯಾವುದು ಮೊದಲು, ಯಾವುದು ಎಲ್ಲಿ ಎಂಬುದು ಇನ್ನೂ ಸೇರಿಲ್ಲ. ಇದನ್ನೆಲ್ಲ ಕಣ್ಣಂದಾಜಿಗೆ ಬಿಡುವುದು ನ್ಯಾಯವಲ್ಲ.

ಕಂಪ್ಯೂಟರಿಗೂ ಅತ್ಯುತ್ತಮ ಉತ್ತರ ಸದಾ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ ದೊಡ್ಡದನ್ನು ಮೊದಲು ಕೂರಿಸುತ್ತ ಹೋಗುವ ಸರಳ ನಿಯಮವೂ ಸಾಕಷ್ಟು ಒಳ್ಳೆಯ ಜೋಡಣೆ ಕೊಡುತ್ತದೆ. ಭಾರ ಹಂಚುವುದರಲ್ಲೂ ಕಂಪ್ಯೂಟರಿನ ನೆರವು ಬೇಕು. ಉದ್ದದ ಅರ್ಧ ಭಾಗದಲ್ಲಿ ಒಟ್ಟು ಭಾರದ 60 ಶೇಕಡಾ ಮೀರಬಾರದು ಎನ್ನುವುದು ಕಂಟೇನರಿನಂಥವಕ್ಕೆ ಸರಕು ತುಂಬುವ ರೀತಿ ಹೇಳುವ ಅಂತರರಾಷ್ಟ್ರೀಯ ಸಿಟಿಯು ಸಂಹಿತೆಯ ಸ್ಥೂಲ ಅಳತೆ. ಪ್ರತಿ ಪೆಟ್ಟಿಗೆ ಇಟ್ಟಾಗಲೂ ಅದನ್ನು ಲೆಕ್ಕ ಹಾಕುವ ತಾಳ್ಮೆ ಯಾರಿಗಿದೆ? ಸರಕು ಅಲುಗದಂತೆ ಬಿಗಿಯುವ, ಕಟ್ಟುವ ಕೆಲಸ ಬೇರೆಯೇ, ಅದನ್ನು ಇಲ್ಲಿ ತರುವುದಿಲ್ಲ.

ವಿರೋಧ: ರಟ್ಟಿನ ಪೆಟ್ಟಿಗೆ ಚಿತ್ರದಷ್ಟು ಗಟ್ಟಿಯಲ್ಲ

ಬಿಗಿಯುವುದು ಬೇರೆ ಕೆಲಸವಂತೆ! ಸರಕಿನ ಪ್ರಾಣ ಇರುವುದೇ ಅಲ್ಲಿ. ಹಾಳಾದ ಸರಕಿನ ಸರ್ವೆ ನನ್ನ ಕಸುಬು, ಆದ್ದರಿಂದ ಆರು ಕೋಟಿಯ ಲೆಕ್ಕ ನನಗೆ ಬೇಡ, ಬಾಗಿಲು ತೆರೆದಾಗ ಕಂಡದ್ದು ಹೇಳುತ್ತೇನೆ.

ಒಮ್ಮೆ ಒಂದು ಕಂಟೇನರಿನ ಬಲಬಾಗಿಲ ಹಿಡಿ ತಿರುಗಿಸುತ್ತಿದ್ದಂತೆಯೇ ಬಾಗಿಲು ತಾನೇ ಹೊರಕ್ಕೆ ದೂಡಿಕೊಂಡು ಬಂತು. ಹಿಂದೆಯೇ ಪೆಟ್ಟಿಗೆಗಳು ಉರುಳಿ, ಇಳಿಸಲು ನಿಂತಿದ್ದ ಹುಡುಗನ ಮಣಿಕಟ್ಟು ಮುರಿಯಿತು. ಒಳಗೆ ಅಂಟಿಸಿದ್ದ ಜೋಡಣೆಯ ನಕ್ಷೆ ಮಾತ್ರ ಅಂದವಾಗಿತ್ತು: ಬಣ್ಣಬಣ್ಣದ ಚೌಕ, ಒಂದರ ಪಕ್ಕ ಒಂದು. ತಳದ ಸಾಲಿನ ರಟ್ಟು ತೇವ ಹೀರಿ ಮೂಲೆಗಳಲ್ಲಿ ಮಡಚಿಕೊಂಡಿತ್ತು, ಬೆರಳಿಟ್ಟರೆ ಒಳಕ್ಕೆ ಹೋಗುತ್ತಿತ್ತು. ಅದರ ಮೇಲಿನ ಪೆಟ್ಟಿಗೆಗಳ ಕಂಬವೆಲ್ಲ ಬಾಗಿಲಿಗೆ ಒರಗಿತ್ತು. ಗೋಡೆಯ ಬದಿಯಲ್ಲಿ ಅಂಗೈ ಅಗಲದ ಸಂದು ಉಳಿದಿತ್ತು, ಅಲ್ಲಿ ಸಂದು ತುಂಬುವ ಗಾಳಿಚೀಲವೂ ಇಲ್ಲ, ಮರದ ತುಂಡೂ ಇಲ್ಲ. ಪ್ರೋಗ್ರಾಮಿಗೆ ಆ ಸಂದು ಬರಿಯ ಖಾಲಿ ಜಾಗ. ಹಡಗು ಹೊರಳಿದಾಗ ಸರಕು ಓಡಾಡುವುದು ಅಲ್ಲೇ. ಬಿರುಸಾದ ಕಡಲಿನಲ್ಲಿ ಅಡ್ಡಕ್ಕೆ ಸರಕಿನ ತೂಕದ 0.8 ಪಟ್ಟು ಬಲಕ್ಕೆ ಸಿದ್ಧವಿರಿ ಎಂದು ಎದುರಿನವರು ಹೆಸರಿಸಿದ ಅದೇ ಸಂಹಿತೆ ಹೇಳುತ್ತದೆ. ಆ ಸಾಲನ್ನು ಅವರು ಓದಿದಂತಿಲ್ಲ.

ಇನ್ನು ಭಾರ ಹಂಚುವ ಮಾತು. ಸುಳ್ಳು ತೂಕ ಕೊಟ್ಟರೆ ಸುಳ್ಳು ಜೋಡಣೆಯೇ ಬರುತ್ತದೆ. 2007ರಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಒಡಕು ಬಿಟ್ಟ ಎಂಎಸ್‌ಸಿ ನಾಪೋಲಿ ಎಂಬ ಹಡಗಿನ ಡೆಕ್ಕಿನ ಸುಮಾರು 660 ಕಂಟೇನರ್‌ಗಳನ್ನು ಆಮೇಲೆ ತೂಗಿದಾಗ, ಐದರಲ್ಲೊಂದರ ತೂಕಕ್ಕೂ ಕಾಗದದಲ್ಲಿ ಬರೆದ ತೂಕಕ್ಕೂ ಮೂರು ಟನ್‌ಗಿಂತ ಹೆಚ್ಚು ಅಂತರವಿತ್ತು. 2016ರ ಜುಲೈ 1ರಿಂದ ತೂಕ ದೃಢೀಕರಿಸದೆ ಕಂಟೇನರ್ ಹಡಗು ಹತ್ತುವಂತಿಲ್ಲ ಎಂಬ ನಿಯಮ ಬಂದಿದೆ, ಸಂತೋಷ. ಆದರೆ ಅದು ಕೊಡುವುದು ಒಟ್ಟು ತೂಕ. ಯಾವ ಮೂಲೆಯಲ್ಲಿ ಎಷ್ಟು ಭಾರ ಕೂತಿದೆ ಎಂದು ಹೇಳುವುದಿಲ್ಲ.

ನಕ್ಷೆ ಬರಲಿ, ತಕರಾರಿಲ್ಲ. ಆದರೆ ರಟ್ಟು ಮೆತ್ತಗಿದೆ ಎಂದು ಕೈಗೆ ಗೊತ್ತಾದ ಲೋಡರ್ ಅಲ್ಲೇ ಕೆಲಸ ನಿಲ್ಲಿಸಿ, ಮೇಲಿನ ಸಾಲು ಬೇಡ ಎನ್ನಬಲ್ಲವನಾಗಿರಬೇಕು. ಹಾಗೆ ಅಂದದ್ದಕ್ಕೆ, ನಕ್ಷೆಯಂತೆ ತುಂಬಲಿಲ್ಲ ಎಂದು ಅವನ ಕೂಲಿ ಕಡಿಯಬಾರದು.